ಆರು ಪೈಥಾನ್‌ಗಳಲ್ಲಿ ಹ್ಯಾಂಗ್ ಆಗಿರುವುದು ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ವಿಂಡೋಸ್‌ನಲ್ಲಿ ಒಂದೇ ಪೈಥಾನ್ ಸ್ಕ್ರಿಪ್ಟನ್ನು (ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ) ಮೂರು ಕೆಲಸಕ್ಕೆ ಮೂರು ಸಲ ಓಡಿಸಿದ್ದೀರಿ. ಅದರಲ್ಲಿ ಒಂದು ಹ್ಯಾಂಗ್ ಆಗಿದೆ. ಓಡುತ್ತಿರುವುದನ್ನೆಲ್ಲ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಮೂರಲ್ಲ, ಆರು ಪೈಥಾನ್ ಕಾಣುತ್ತಿವೆ. ಯಾವುದನ್ನು ಮುಚ್ಚಬೇಕು?

ಸದ್ಯಕ್ಕೆ ಯಾವುದನ್ನೂ ಮುಚ್ಚಬೇಡಿ. ನಾನು ಹಾಗೆ ಮುಚ್ಚಿ ಕೈ ಸುಟ್ಟುಕೊಂಡವನು.

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ರಾಶಿ, ಬೆಟ್ಟೆ, ಗೊರಬಲು ಅಂತ ಮೂರು ಬಗೆಯ ಅಡಿಕೆಗೂ ಲೆಕ್ಕ ಹಿಡಿಯುವ ಸ್ಕ್ರಿಪ್ಟ್ ಒಂದೇ, ಓಡುವುದು ಮೂರು. ಒಂದು ಮಧ್ಯಾಹ್ನ ಬೆಟ್ಟೆಯದು ನಿಂತುಹೋಯಿತು. ಸಿಪಿಯು ಸೊನ್ನೆ ಇರುವುದೇ ಸತ್ತಿರಬೇಕು ಅಂದುಕೊಂಡು ಅದನ್ನು ಎಂಡ್ ಟಾಸ್ಕ್ ಮಾಡಿದೆ. ನೋಡಿದರೆ ಅದು ರಾಶಿಯದು! ಪಾಪ, ಮುಂದಿನ ಎಂಟ್ರಿಗಾಗಿ ಸುಮ್ನೆ ಕಾಯುತ್ತಾ ಕೂತಿತ್ತು. ಬೆಳಗ್ಗಿನಿಂದ ಹಾಕಿದ್ದ ತೂಕವೆಲ್ಲ ಹೋಯಿತು. (ಸಂಜೆ ಒಂದೇ ಸಲ ಫೈಲಿಗೆ ಬರೆಯುವ ಹಾಗೆ ಮಾಡಿದ್ದು ನಾನೇ. ಯಾರನ್ನೂ ಬೈಯುವ ಹಾಗಿಲ್ಲ.) ಗುಮಾಸ್ತರು ಚೀಟಿಗಳನ್ನು ಹುಡುಕಿ ಮತ್ತೆ ಎಲ್ಲ ಹಾಕುವಷ್ಟರಲ್ಲಿ ರಾತ್ರಿ ಎಂಟಾಗಿತ್ತು. ಬೆಟ್ಟೆಯದು ಒಂದೇ ಲೂಪಿನಲ್ಲಿ ಗಿರಗಿರ ಸುತ್ತುತ್ತಾ ಸಿಪಿಯು ಜಾಸ್ತಿ ತಿನ್ನುತ್ತಿತ್ತು.

ಹಾಗಾಗಿ ಸಿಪಿಯು, ಮೆಮರಿ ನೋಡಿ ಊಹೆ ಮಾಡಬೇಡಿ. ನೋಡಬೇಕಾದ್ದು ಕಮಾಂಡ್ ಲೈನ್. ಅಂದರೆ ಪ್ರೋಗ್ರಾಂ ಶುರು ಮಾಡುವಾಗ ಕೊಟ್ಟ ಪೂರ್ತಿ ಸಾಲು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್‌ಗೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒತ್ತಿ, ಕಮಾಂಡ್ ಲೈನ್‌ಗೆ ಟಿಕ್ ಹಾಕಿ. ಕೆಲವು ಸಾಲು ಖಾಲಿ ಕಂಡರೆ ಟಾಸ್ಕ್ ಮ್ಯಾನೇಜರನ್ನು ಅಡ್ಮಿನ್ ಆಗಿ ತೆರೆಯಿರಿ. ಲಿನಕ್ಸ್ ಆಗಿದ್ದರೆ ಪಿಎಸ್ ಕಮಾಂಡಿಗೆ -ef ಸೇರಿಸಿ ಕೊಟ್ಟರೆ ಇದನ್ನು ತೋರಿಸುತ್ತದೆ.

ಪಿಐಡಿ, ಅಂದರೆ ಓಡುವ ಪ್ರತಿ ಪ್ರೋಗ್ರಾಂಗೆ ಕಂಪ್ಯೂಟರ್ ಕೊಡುವ ನಂಬರ್, ಇದೆಯಲ್ಲ ಅನ್ನಬಹುದು. ಈಗ ಓಡುತ್ತಿರುವ ಎರಡಕ್ಕೆ ಒಂದೇ ಪಿಐಡಿ ಇರುವುದಿಲ್ಲ, ನಿಜ. ಆದರೆ ಒಂದು ಮುಚ್ಚಿದ ಮೇಲೆ ಅದೇ ನಂಬರ್ ಇನ್ಯಾವುದಕ್ಕೋ ಹೋಗಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದರೆ ಮುಗಿಯಿತು, ಹಳೇ ನಂಬರ್ ನಂಬುವ ಹಾಗಿಲ್ಲ. ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದರೆ ಪ್ರಯೋಜನವಿಲ್ಲ. ಅದನ್ನೂ ಮಾಡಿ ನೋಡಿದ್ದೇನೆ!

ಮೂರೂ ಸಲ ಒಂದೇ ಸಾಲು ಕೊಟ್ಟು ಓಡಿಸಿದ್ದರೆ ಕಮಾಂಡ್ ಲೈನೂ ಒಂದೇ ಥರ ಕಾಣುತ್ತದೆ, ಅಲ್ವಾ? ಮಂಡಿಯಲ್ಲಿ ಚೀಲಗಳೆಲ್ಲ ಒಂದೇ ಥರ ಇರುತ್ತವೆ. ಇಳಿಸುವಾಗಲೇ ಬೆಳೆಗಾರರ ಗುರುತು ಬರೆಯದಿದ್ದರೆ ಆಮೇಲೆ ದೇವರೇ ಗತಿ. ಸ್ಕ್ರಿಪ್ಟಿಗೂ ಹಾಗೇ ಮಾಡಿ. ಓಡಿಸುವ ಸಾಲಿನ ಕೊನೆಗೆ ಒಂದು ಪದ ಸೇರಿಸಿ: ರಾಶಿ, ಬೆಟ್ಟೆ, ಹೀಗೆ. ಸ್ಕ್ರಿಪ್ಟ್ ಅದನ್ನು ಓದದಿದ್ದರೂ ಪರವಾಗಿಲ್ಲ, ಕಮಾಂಡ್ ಲೈನ್‌ನಲ್ಲಿ ಕಾಣುತ್ತದೆ. ಕಮಾಂಡ್ ಲೈನಿನ ಪದಗಳನ್ನು ಓದುವ ಆರ್ಗ್‌ಪಾರ್ಸ್ ಅನ್ನೋ ಪೈಥಾನ್ ಮಾಡ್ಯೂಲ್ ಬಳಸಿದ್ದರೆ ಮಾತ್ರ ಗೊತ್ತಿಲ್ಲದ ಪದಕ್ಕೆ ತಕರಾರು ಮಾಡುತ್ತದೆ, ಅದಕ್ಕೆ ಮೊದಲೇ ಹೇಳಿಡಬೇಕು. ಪಾಸ್‌ವರ್ಡ್ ಮಾತ್ರ ಅಲ್ಲಿ ಹಾಕಬೇಡಿ, ಬೇರೆಯವರಿಗೂ ಕಂಡೀತು. ಕಪ್ಪು ವಿಂಡೋ ತೆರೆದು ಓಡಿಸುವವರಾದರೆ ಬ್ಯಾಚ್ ಫೈಲಿನಲ್ಲಿ ಟೈಟಲ್ ಕಮಾಂಡ್ ಹಾಕಿ ವಿಂಡೋಗೂ ಹೆಸರು ಕೊಡಬಹುದು. ಮಂಡಿಯ ಗುಮಾಸ್ತರಿಗೆ ಅದೇ ಜಾಸ್ತಿ ಇಷ್ಟವಾಯಿತು.

ಇನ್ನು ಮೂರು ಆರಾಗಿದ್ದು ಹೇಗೆ? ನೀವು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಕೆಲಸಕ್ಕೆ ಬೇಕಾದ ಪೈಥಾನ್ ಸಾಮಾನನ್ನು ಬೇರೆಯಾಗಿ ಇಡುವ ಫೋಲ್ಡರ್) ಬಳಸುತ್ತಿರಬೇಕು. ವಿಂಡೋಸ್‌ನಲ್ಲಿ ಅದರೊಳಗಿನ ಪೈಥಾನ್ ಬರೀ ಬಾಗಿಲು ಕಾಯುವವನ ಹಾಗೆ. ತಾನು ಶುರುವಾಗಿ, ಅಸಲಿ ಪೈಥಾನನ್ನು ಎಬ್ಬಿಸಿ, ಅದು ಮುಗಿಯುವವರೆಗೆ ಕಾಯುತ್ತದೆ. ಹಾಗಾಗಿ ಒಂದು ಸ್ಕ್ರಿಪ್ಟಿಗೆ ಎರಡು ಸಾಲು. ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಪ್ರೋಸೆಸ್ ಎಕ್ಸ್‌ಪ್ಲೋರರ್ ಇಳಿಸಿಕೊಂಡರೆ ಯಾವುದರ ಕೆಳಗೆ ಯಾವುದಿದೆ ಅಂತ ಜೋಡಿಜೋಡಿಯಾಗಿ ಕಾಣುತ್ತದೆ. ಹ್ಯಾಂಗ್ ಆದದ್ದರ ಜೋಡಿ ಗೊತ್ತಾದ ಮೇಲೆ ಅದರ ಪಿಐಡಿ ಕೊಟ್ಟೇ ಮುಚ್ಚಿ. ಪ್ರೋಗ್ರಾಂ ಮುಚ್ಚುವ ಟಾಸ್ಕ್‌ಕಿಲ್ ಕಮಾಂಡಿಗೆ ಪೈಥಾನ್ ಅಂತ ಬರೀ ಹೆಸರು ಕೊಟ್ಟರೆ ಆರೂ ಒಟ್ಟಿಗೆ ಹೋಗುತ್ತವೆ.