ಒಂದೇ ಹೆಸರು, ಹಲವು ರೂಪ: ಮಾರುತಿ 800

ಪ್ರಶ್ನೆ: ನಮ್ಮ ಮನೆಯಲ್ಲಿರುವ 1985ರ ಮಾರುತಿ 800ಕ್ಕೂ ಚಿಕ್ಕಪ್ಪನವರ 1998ರ ಕಾರಿಗೂ ಹೋಲಿಕೆಯೇ ಇಲ್ಲ. ಇವೆರಡೂ ಒಂದೇ ಕಾರು ಹೇಗಾದೀತು? – ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಸಂದೇಹ ಸಹಜವಾದದ್ದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಗ್ರಾಹಕರಿಗೆ ಕೀಲಿಕೈ ಹಸ್ತಾಂತರಿಸಿದ ಕಾರು, ಜಪಾನಿನ ಸುಜುಕಿ ಫ್ರಾಂಟೆಯನ್ನು ಆಧರಿಸಿದ, ಚೌಕಾಕಾರದ ಎಸ್‌ಎಸ್‌80 ಮಾದರಿ. ನಿಮ್ಮಲ್ಲಿರುವುದು ಅದೇ; ದಯವಿಟ್ಟು ಗುಜರಿಗೆ ಹಾಕಬೇಡಿ. 1986ರಲ್ಲಿ ಬಂದ ಎರಡನೆಯ ಪೀಳಿಗೆ ಸುಜುಕಿಯ ಹೊಸ ಆಲ್ಟೊವನ್ನು ಆಧರಿಸಿತ್ತು. ಜನರ ನೆನಪಿನಲ್ಲಿ ಉಳಿದಿರುವ ಮಾರುತಿ ಇದೇ. ನಿಮ್ಮ ಚಿಕ್ಕಪ್ಪನವರ ಕಾರು ಇದರದೇ ಮುಂದುವರಿಕೆ. 1997ರಲ್ಲಿ ಮುಂಭಾಗವನ್ನು ತುಸು ದುಂಡಗಾಗಿಸಲಾಯಿತು, ಅಷ್ಟೇ.

ಹೊರಕವಚ ಬದಲಾದರೂ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಉಳಿದುಕೊಂಡಿತು. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ ಶಕ್ತಿ ಉದ್ದನೆಯ ಶಾಫ್ಟ್ ಮೂಲಕ ಹಿಂಬದಿಯ ಚಕ್ರಗಳಿಗೆ ತಲುಪುತ್ತಿತ್ತು; ಇಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಅಷ್ಟು ಪುಟ್ಟ ಕಾರಿನಲ್ಲೂ ನಾಲ್ವರು ಕೂರಲು ಸ್ಥಳ ದೊರೆಯಿತು. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಹೆಚ್ಚುಗಾರಿಕೆ ಇದೇ, ಕಡಿಮೆ ಬೆಲೆಯಲ್ಲ. ಮಾಲಿನ್ಯ ನಿಯಮಗಳು ಬಿಗಿಯಾದಂತೆ ಗಾಳಿಗೆ ಇಂಧನ ಬೆರೆಸುತ್ತಿದ್ದ ಕಾರ್ಬುರೇಟರ್ ಹೋಗಿ, ಇಂಧನವನ್ನು ಅಳತೆಗೆ ತಕ್ಕಂತೆ ಸಿಂಪಡಿಸುವ ಎಂಪಿಎಫ್‌ಐ ಬಂತು.

2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4 ಎಂಬ ಮಾಲಿನ್ಯ ನಿಯಮ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಜಾರಿಯಾದಾಗ ಅಲ್ಲಿ ಇದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೂ ಕೊನೆಗೊಂಡಿತು. 2012ರಲ್ಲಿ ಬಂದ ಆಲ್ಟೊ 800 ಹೆಸರಿನಲ್ಲಿ ಇದರ ಬಂಧು, ಆದರೆ ವಿನ್ಯಾಸ ಬೇರೆಯೇ.