ಡೈವಿಂಗ್ ಗೊತ್ತಿಲ್ಲದ ಹೆಂಡತಿಗೆ ನೀರೊಳಗೆ ಉಸಿರಾಡುವುದನ್ನು ಹೇಗೆ ಪರಿಚಯಿಸಲಿ?

ನೀವು ಹಲವು ವರ್ಷದಿಂದ ಡೈವ್ ಮಾಡುತ್ತೀರಿ. ನಿಮ್ಮ ಹೆಂಡತಿಗೆ ಈಜು ಅಷ್ಟಕ್ಕಷ್ಟೇ. ಹತ್ತು ದಿನದ ರಜೆಗೆ ಸಮುದ್ರದ ಕಡೆ ಹೊರಟಿದ್ದೀರಿ. ನೀರೊಳಗೆ ಉಸಿರಾಡುವ ಖುಷಿಯನ್ನು ಅವರಿಗೂ ತೋರಿಸಬೇಕು, ನಾನೇ ಕಲಿಸಲಾ, ಇಲ್ಲ ಕೋರ್ಸ್ ಬುಕ್ ಮಾಡಿ ಸರ್‌ಪ್ರೈಸ್ ಕೊಡಲಾ ಎಂದು ಕೇಳಿದ್ದೀರಿ. ನಾನು ಡೈವರ್ ಅಲ್ಲ. ಡೈವರ್‌ನ ಹೆಂಡತಿ. ಹಾಗಾಗಿ ಆ ಕಡೆಯಿಂದ ಉತ್ತರ ಕೊಡುತ್ತೇನೆ.

ನೀವೇ ಕಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮವರು ಕಲಿಸಲು ಹೊರಟಿದ್ದರು. ರಜೆಯ ಮೊದಲ ದಿನವೇ, ಬ್ಯಾಗ್ ಪೂರ್ತಿ ಬಿಚ್ಚುವ ಮೊದಲೇ. ಎದೆಮಟ್ಟದ ನೀರು, ಸಣ್ಣ ಅಲೆ, ಕಾಲಿಗೆ ಬಾತುಕೋಳಿಯ ಹಾಗೆ ಫಿನ್ಸ್. "ಏನಿಲ್ಲ, ಸುಮ್ನೆ ಉಸಿರಾಡು" ಎಂದರು. ಮುಖ ಮುಳುಗಿಸಿದೆ. ಒಂದು ಅಲೆ ಬಂತು, ಸ್ನಾರ್ಕೆಲ್‌ನೊಳಗೆ, ಅಂದರೆ ಬಾಯಲ್ಲಿ ಕಚ್ಚಿಕೊಂಡು ನೀರಿನ ಮೇಲಿನ ಗಾಳಿ ಎಳೆಯುವ ಕೊಳವೆಯೊಳಗೆ ನೀರು ಬಂತು, ಉಪ್ಪು ನೀರು ನೆತ್ತಿಗೆ ಹತ್ತಿತು. ಮಾಸ್ಕ್ ಕಿತ್ತು ಬಿಸಾಕಿ ದಡಕ್ಕೆ ಬಂದೆ. ಅವರು ಹಿಂದೆಯೇ ಬಂದು "ಉಸಿರು ಬಿಡೋದು ಮರೆತೆ ಅಲ್ವಾ" ಎಂದರು. ಆ ಸಂಜೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಅವರು ಹೇಳಿದ್ದು ಸರಿಯೇ. ಆದರೆ ಗಂಡ ಹೇಳಿದರೆ ಅದು ಪಾಠ ಅನ್ನಿಸುವುದಿಲ್ಲ, ತಪ್ಪು ಹುಡುಕಿದ ಹಾಗೆ ಕೇಳಿಸುತ್ತದೆ. ಇನ್ನೊಂದು ತೊಂದರೆ ಅಂದರೆ, ನಿಮಗೆ ಈಗ ಸಹಜವಾಗಿರುವುದು ಒಂದು ಕಾಲದಲ್ಲಿ ಕಷ್ಟವಾಗಿತ್ತು ಎನ್ನುವುದೇ ನಿಮಗೆ ನೆನಪಿರುವುದಿಲ್ಲ. ಗುರುತಿಲ್ಲದ ಇನ್‌ಸ್ಟ್ರಕ್ಟರ್ ಮುಂದೆ "ನನಗೆ ಭಯ" ಎಂದು ಹೇಳುವುದು ಎಷ್ಟೋ ಸುಲಭ.

ಭಯ ಯಾವುದರದ್ದು ಗೊತ್ತಾ? ಮೀನಿನದ್ದಲ್ಲ, ಆಳದ್ದೂ ಅಲ್ಲ. ಮೂಗು ಹಿಡಿದರೆ ಬಾಯಿ ತಾನಾಗೇ ಬಿಡುತ್ತದೆ ಅನ್ನುತ್ತಾರಲ್ಲ, ಅದು ನೆಲದ ಮೇಲಿನ ಮಾತು. ನೀರಲ್ಲಿ ಮುಖ ಮುಳುಗಿದರೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ದೇಹ ಕಲಿತದ್ದು ಅದನ್ನೇ. ಮಾಸ್ಕ್ ಹಾಕಿದಾಗ ಮೂಗಂತೂ ಬಂದ್. ಉಳಿದ ಬಾಯಿಯನ್ನೂ ನೀರೊಳಗೆ ನಂಬಬೇಕು. ಇದು ಬುದ್ಧಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ, ಎದೆಗೆ ಅರ್ಥವಾಗಲು ಎರಡು ದಿನ ಬೇಕು.

ಆ ಎರಡು ದಿನವನ್ನು ಅಲೆಯಿಲ್ಲದ ಜಾಗದಲ್ಲಿ ಕಳೆಯಿರಿ. ಈಜುಕೊಳದ ಸೊಂಟಮಟ್ಟದ ನೀರು ಸಾಕು. ನಾನು ಕಡೆಗೂ ಕಲಿತದ್ದು ಹೀಗೆ. ಫಿನ್ಸ್ ಬೇಡ, ಈಜುವುದೂ ಬೇಡ. ಮೊದಲು ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡು ಮುಖ ನೀರಿನ ಹೊರಗೇ ಇಟ್ಟು ಒಂದೆರಡು ನಿಮಿಷ ಬಾಯಲ್ಲೇ ಉಸಿರಾಡಿದೆ. ನೋಡುವವರಿಗೆ ನಗು ಬರುತ್ತದೆ, ಬರಲಿ. ಆಮೇಲೆ ಕೊಳದ ಅಂಚು ಹಿಡಿದು, ಕಾಲು ನೆಲದ ಮೇಲೇ ಇಟ್ಟು ಮುಖ ಮುಳುಗಿಸಿದೆ. ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದರ ಕಡೆ ಗಮನ. ಗಾಬರಿಯಾದವರು ಪುಟ್ಟ ಪುಟ್ಟ ಉಸಿರು ಎಳೆಯುತ್ತಲೇ ಇರುತ್ತಾರೆ, ಪೂರ್ತಿ ಬಿಡುವುದೇ ಇಲ್ಲ. ಆಗ ಗಾಳಿ ಇದ್ದರೂ ಉಸಿರುಗಟ್ಟಿದ ಹಾಗಾಗುತ್ತದೆ. ಉದ್ದಕ್ಕೆ ಬಿಟ್ಟರೆ ಮುಂದಿನ ಉಸಿರು ತಾನಾಗೇ ಬರುತ್ತದೆ. ನಾಲ್ಕು ಎಣಿಸುತ್ತಾ ಎಳೆದು, ಆರು ಎಣಿಸುತ್ತಾ ಬಿಡುತ್ತಿದ್ದೆ. ಮೂರನೇ ದಿನ ಎಣಿಸುವುದೇ ಮರೆತುಹೋಯಿತು. ಸಮುದ್ರಕ್ಕೆ ಹೋಗಲು ಅದೇ ಸರಿಯಾದ ಗುರುತು.

ಮಾಸ್ಕ್ ಬಗ್ಗೆ ಜಿಪುಣತನ ಬೇಡ. ಮೊದಲ ಸಲದ ಅನುಭವ ಕೆಡುವುದು ಬಹಳ ಸಲ ಸೋರುವ ಮಾಸ್ಕ್‌ನಿಂದ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಗಾಳಿ ಎಳೆಯಲಿ. ಕೈಬಿಟ್ಟರೂ ಅಂಟಿಕೊಂಡು ನಿಂತರೆ ಅದು ಅವರ ಮಾಸ್ಕ್. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿದರೂ ನೀರು ಬರುತ್ತದೆ. ಕನ್ನಡಕ ಹಾಕುವವರಾದರೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ವಿಚಾರಿಸಿ. ನನಗೆ ಮೊದಲ ಸಲ ಅದು ಗೊತ್ತಿರಲಿಲ್ಲ. ಎಲ್ಲರೂ ನೋಡಿದ ಮೀನು ನನಗೆ ಬಣ್ಣದ ಕಲೆಯ ಹಾಗೆ ಕಂಡಿತ್ತು. ಸಮುದ್ರದಲ್ಲಿ ಸ್ನಾರ್ಕೆಲ್ ಮಾಡುವಾಗ ಲೈಫ್ ಜಾಕೆಟ್ ಹಾಕಲಿ, ನೀವು ಕೈಯಳತೆಯಲ್ಲೇ ಇರಿ. ಆಗ ಫೋಟೋ ತೆಗೆಯುತ್ತಾ ದೂರ ಹೋಗಬೇಡಿ.

ಸ್ನಾರ್ಕೆಲ್ ಇಷ್ಟವಾಯಿತು ಅಂದುಕೊಳ್ಳಿ. ಮುಂದಿನದಕ್ಕೆ ಮೂರು ದಾರಿ ಇವೆ. ಒಂದು ಹೆಲ್ಮೆಟ್ ಹಾಕಿ ಸಮುದ್ರದ ತಳದಲ್ಲಿ ನಡೆಯುವುದು, ಸೀ ವಾಕ್ ಅನ್ನುತ್ತಾರೆ. ನೆಲದ ಮೇಲೆ 30 ಕಿಲೋ ಆಸುಪಾಸು ತೂಗುವ ಹೆಲ್ಮೆಟ್ ನೀರೊಳಗೆ ಹಗುರ. ಮೇಲಿನಿಂದ ಕೊಳವೆಯಲ್ಲಿ ಗಾಳಿ ಬರುತ್ತಿರುತ್ತದೆ. ಮುಖ ಒದ್ದೆಯಾಗುವುದಿಲ್ಲ, ಕನ್ನಡಕ ಹಾಕಿಕೊಂಡೇ ಇಳಿಯಬಹುದು, ಮೂಗಿನಲ್ಲೂ ಉಸಿರಾಡಬಹುದು. ಈಜು ಬಾರದವರಿಗೆ ಒಳ್ಳೆಯದು, ಆದರೆ ಡೈವಿಂಗ್‌ನ ರುಚಿ ಇದರಲ್ಲಿ ಸಿಗುವುದಿಲ್ಲ. ಎರಡನೆಯದು ಸ್ನೂಬಾ. ಸಿಲಿಂಡರ್ ಬೆನ್ನ ಮೇಲಿರುವುದಿಲ್ಲ, ನೀರಿನ ಮೇಲೆ ತೇಲುತ್ತದೆ. 6 ಮೀಟರ್ ಉದ್ದದ ಪೈಪ್ ಬಾಯಿಗೆ ಬರುತ್ತದೆ. ಎಲ್ಲ ಕಡೆ ಸಿಗುವುದಿಲ್ಲ. ಮೂರನೆಯದು ಇನ್‌ಸ್ಟ್ರಕ್ಟರ್ ಜೊತೆ ಪರಿಚಯದ ಡೈವ್. ಡೈವಿಂಗ್ ತರಬೇತಿ ಸಂಸ್ಥೆಯಾದ ಪ್ಯಾಡಿಯವರು ಇದನ್ನು ಡಿಸ್ಕವರ್ ಸ್ಕೂಬಾ ಡೈವಿಂಗ್ ಅನ್ನುತ್ತಾರೆ. ಆಳದ ಮಿತಿ 12 ಮೀಟರ್, ಆದರೆ ಮೊದಲ ಸಲಕ್ಕೆ ಐದಾರು ಮೀಟರ್‌ನಲ್ಲೇ ಬೇಕಾದಷ್ಟು ಕಾಣುತ್ತದೆ.

ನಾನು ಮೂರನೆಯದನ್ನು ಆರಿಸಿಕೊಂಡೆ. ಧೈರ್ಯ ಜಾಸ್ತಿ ಇತ್ತು ಅಂತಲ್ಲ. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನಕ್ಕೆ ರೆಗ್ಯುಲೇಟರ್ ಅನ್ನುತ್ತಾರೆ. ಅದರ ಬಗ್ಗೆ ಇನ್‌ಸ್ಟ್ರಕ್ಟರ್ ಹುಡುಗಿ ಒಂದು ಮಾತು ಹೇಳಿದಳು. "ರೆಗ್ಯುಲೇಟರ್ ಗಾಳಿಯನ್ನು ತಾನಾಗಿ ಬಾಯಿಗೆ ನುಗ್ಗಿಸುವುದಿಲ್ಲ. ನೀವು ಎಳೆದಾಗ ಕೊಡುತ್ತೆ, ಬಿಟ್ಟಾಗ ಸುಮ್ಮನಿರುತ್ತೆ." 1943ರಲ್ಲಿ ಕುಸ್ಟೋ ಮತ್ತು ಗಾನ್ಯಾನ್ ಅನ್ನುವ ಇಬ್ಬರು ಫ್ರೆಂಚರು ಮಾಡಿದ ಆಕ್ವಾ-ಲಂಗ್ ಅನ್ನುವ ಡೈವಿಂಗ್ ಸಾಧನ ಕೆಲಸ ಮಾಡುತ್ತಿದ್ದುದೂ ಹೀಗೆಯೇ ಅಂತೆ. ಅಷ್ಟು ಕಾಲದಿಂದ ಜನ ನಂಬಿಕೊಂಡು ಬಂದಿದ್ದಾರೆ ಅನ್ನುವುದೇ ನನಗೆ ಸಮಾಧಾನ ಕೊಟ್ಟಿತು.

ಇನ್ನು ಕಿವಿ. ಈ ವಿಷಯವನ್ನು ನಮ್ಮವರು ನನಗೆ ಹೇಳಿಯೇ ಇರಲಿಲ್ಲ, ಏಕೆಂದರೆ ಅವರ ಕಿವಿ ತಾನಾಗೇ ಸರಿಹೋಗುತ್ತದೆ. 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಕಿವಿಗೆ ಅದು ಮೊದಲ ಒಂದೆರಡು ಮೀಟರ್‌ನಲ್ಲೇ ಗೊತ್ತಾಗುತ್ತದೆ. ಮೂಗು ಹಿಡಿದು, ಮೂಗಿನಿಂದಲೇ ಗಾಳಿ ಬಿಡುವ ಹಾಗೆ ಮೆತ್ತಗೆ ಊದಬೇಕು, ಅದೂ ನೋವು ಶುರುವಾಗುವ ಮೊದಲೇ, ಪ್ರತಿ ಅರ್ಧ ಮೀಟರ್‌ಗೊಮ್ಮೆ. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಊದಬೇಕು. ಜೋರಾಗಿ ಊದಿದರೆ ಕೆಲಸ ಕೆಡುತ್ತದೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು, ಎರಡು ಕಿವಿಯಲ್ಲೂ ಟಿಕ್ ಅನ್ನಬೇಕು. ಹೆಲ್ಮೆಟ್ ನಡಿಗೆಗೂ ಇದು ಬೇಕು. ಕಿವಿಗೆ ಪ್ಲಗ್ ಹಾಕಿಕೊಂಡು ಯಾವ ಕಾರಣಕ್ಕೂ ಇಳಿಯಬಾರದು. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ, ಅದರ ಪರಿಣಾಮ ಆಳದಲ್ಲಿ ಇಳಿದುಹೋಗಿ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು.

ಡೈವರ್‌ಗಳು ಮಾಡುವ ಒಂದು ಕೆಟ್ಟ ಕೆಲಸ ಕಣ್ಣಾರೆ ನೋಡಿದ್ದೇನೆ. ಸ್ನಾರ್ಕೆಲ್ ಮಾಡುತ್ತಿರುವ ಗೆಳತಿಗೆ "ಒಂದು ಸಲ ನೋಡು" ಎಂದು ತಮ್ಮ ಎರಡನೇ ರೆಗ್ಯುಲೇಟರ್ ಕೊಡುವುದು. ದಯವಿಟ್ಟು ಬೇಡ. ಕೆಳಗೆ ಒತ್ತಡದ ಗಾಳಿ ಎಳೆದು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಅದಕ್ಕೆ ಹೆಚ್ಚು ಆಳವೇನೂ ಬೇಡ, ಈಜುಕೊಳದ ಆಳವೇ ಸಾಕು. ಉಸಿರು ಹಿಡಿಯಬೇಡಿ ಎನ್ನುವ ನಿಯಮ ಗೊತ್ತಿದ್ದರೆ ಸಾಲದು, ಗಾಬರಿಯಾದಾಗಲೂ ಪಾಲಿಸಲು ಬರಬೇಕು. ಅದಕ್ಕೇ ಇನ್‌ಸ್ಟ್ರಕ್ಟರ್ ಬೇಕು ಅನ್ನುವುದು.

ಆರೋಗ್ಯದ ಪ್ರಶ್ನೆಗಳ ಫಾರಂ ಒಂದಿರುತ್ತದೆ. ಅದನ್ನು ಹೊರಡುವ ಮೊದಲೇ ತರಿಸಿಕೊಂಡು ಓದಿ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್ ಇಂಥದ್ದಕ್ಕೆ ಹೌದು ಎಂದರೆ ಡಾಕ್ಟರ್ ಸಹಿ ಬೇಕಾಗಬಹುದು. ಅದನ್ನು ಬೀಚ್‌ನಲ್ಲಿ ನಿಂತು ಹುಡುಕುವುದು ತಲೆನೋವು. "ಇಲ್ಲ ಅಂತ ಬರಿ, ಪರವಾಗಿಲ್ಲ" ಎಂದು ಯಾರಾದರೂ ಅಂದರೆ ಆ ಜಾಗ ಬಿಟ್ಟು ಬನ್ನಿ. ಬಸುರಿಯರು ಸ್ಕೂಬಾ ಮಾಡಬಾರದು.

ಡೈವ್‌ನ ದಿನವನ್ನು ರಜೆಯ ನಡುವೆ ಇಟ್ಟುಕೊಳ್ಳಿ. ಒಂದೇ ಡೈವ್ ಮಾಡಿದರೂ ವಿಮಾನ ಹತ್ತಲು 12 ಗಂಟೆ, ಹಲವು ಡೈವ್ ಮಾಡಿದರೆ 18 ಗಂಟೆಯಾದರೂ ಬಿಡಬೇಕು. ನಿಮಗಿದು ಗೊತ್ತು, ಅವರಿಗೆ ಗೊತ್ತಿರುವುದಿಲ್ಲ.

ಕೈಸನ್ನೆಗಳನ್ನು ಮಾತ್ರ ನೀವೇ ಮುಂಚೆ ಹೇಳಿಕೊಡಿ. ನನ್ನ ಮೊದಲ ಡೈವ್‌ನಲ್ಲಿ ಒಂದು ಆಮೆ ಪಕ್ಕದಲ್ಲೇ ಹಾದುಹೋಯಿತು. ನೀರೊಳಗೆ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ನನಗಂತೂ ಅದು ಮಣೆಯಷ್ಟಲ್ಲ, ಮಂಚದಷ್ಟು ಕಂಡಿತು. ಖುಷಿಯಲ್ಲಿ ಹೆಬ್ಬೆರಳು ಎತ್ತಿ ತೋರಿಸಿದೆ. ಇನ್‌ಸ್ಟ್ರಕ್ಟರ್ ತಲೆಯಾಡಿಸಿ ನನ್ನನ್ನು ನಿಧಾನಕ್ಕೆ ಮೇಲೆ ಕರೆದುಕೊಂಡು ಬಂದಳು. ಹೆಬ್ಬೆರಳು ಎಂದರೆ "ಮೇಲೆ ಹೋಗೋಣ" ಅಂತೆ! ಆದರೂ ಅದರಿಂದ ಒಂದು ಲಾಭವಾಯಿತು. ನಾನು ಬೆರಳೆತ್ತಿದರೆ ಸಾಕು, ಯಾಕೆ ಏನು ಎಂದು ಕೇಳದೆ ಮೇಲೆ ತರುತ್ತಾರೆ ಎನ್ನುವುದು ಖಾತ್ರಿಯಾಯಿತು. ಮತ್ತೆ ಇಳಿದಾಗ ಭಯ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಆ ಹೊತ್ತಿನಲ್ಲಿ ನಮ್ಮವರು ದೋಣಿಯಲ್ಲೇ ಕೂತಿದ್ದರು. ನಾನೇ ಹಾಗೆ ಕೇಳಿಕೊಂಡಿದ್ದೆ. ಅವರು ಪಕ್ಕದಲ್ಲಿದ್ದರೆ ನಾನು ಚೆನ್ನಾಗಿ ಮಾಡುತ್ತಿದ್ದೇನಾ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ನಿಮ್ಮ ಹೆಂಡತಿಗೆ ನೀವು ಜೊತೆಗೇ ಬೇಕು ಅನ್ನಿಸಬಹುದು. ಕೇಳಿ ನೋಡಿ. ಹೋದರೆ ಇನ್‌ಸ್ಟ್ರಕ್ಟರ್ ಹಿಂದೆ ಇರಿ, ಹೆಂಡತಿಯ ಸಾಮಾನಿಗೆ ಕೈ ಹಾಕಬೇಡಿ.

ಕೊನೆಗೆ ನಿಮ್ಮ ಸರ್‌ಪ್ರೈಸ್. ಹೊಸಬರು ಮಾಡುವ ಓಪನ್ ವಾಟರ್ ಕೋರ್ಸ್ ಅಂದರೆ ಪಾಠ, ಕೊಳದ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಡೈವ್. ಮೂರು ನಾಲ್ಕು ದಿನ ಹೋಗುತ್ತದೆ, ಪರೀಕ್ಷೆ ಬೇರೆ. ಕೇಳದೆ ಬುಕ್ ಮಾಡಿದ್ದಕ್ಕೆ ಬೇಡ ಅನ್ನುವುದು ಅವರಿಗೂ ಕಷ್ಟ, ಒಲ್ಲದ ಮನಸ್ಸಿನಿಂದ ಇಳಿಯುವುದು ಅಪಾಯ. ನಾನು ಇವತ್ತಿಗೂ ಆ ಕೋರ್ಸ್ ಮಾಡಿಲ್ಲ. ರಜೆಗೆ ಹೋದಾಗ ನಮ್ಮವರು ಬೆಳಗ್ಗೆ ಬೇಗ ಎದ್ದು ಎರಡು ಡೈವ್ ಮುಗಿಸಿ ಬರುತ್ತಾರೆ, ಅಷ್ಟು ಹೊತ್ತೂ ನಾನು ನಿದ್ದೆ ಮಾಡುತ್ತೇನೆ. ಮಧ್ಯಾಹ್ನ ಇಬ್ಬರೂ ಸ್ನಾರ್ಕೆಲ್ ಹಿಡಿದು ಹೊರಡುತ್ತೇವೆ. ನೀವು ಈಗಾಗಲೇ ಬುಕ್ ಮಾಡಿದ್ದರೆ ಇವತ್ತೇ ಅವರಿಗೆ ಹೇಳಿಬಿಡಿ. ಬೇಡ ಅಂದರೆ ರದ್ದು ಮಾಡಲು ಸಮಯ ಸಿಗುತ್ತದೆ.