ಒಂಬಡ್ಸ್‌ಮನ್ ಆಮೇಲೆ, ಮೊದಲು ಅಪೀಲು
ಮಗ ಯೂನಿವರ್ಸಿಟಿ ಸೇರಿದ ಮೇಲೂ ನಿಮ್ಮ ಜೊತೆಯಲ್ಲೇ ಇದ್ದಾನೆ, ಅದಕ್ಕೆ ಕೌನ್ಸಿಲ್‌ನವರು (ಸ್ಥಳೀಯ ಆಡಳಿತದವರು) ಮನೆಯಲ್ಲಿ ದೊಡ್ಡವರು ಒಬ್ಬರೇ ಅಂತ ಕೌನ್ಸಿಲ್ ಟ್ಯಾಕ್ಸಿನಲ್ಲಿ ಸಿಗುತ್ತಿದ್ದ 25% ರಿಯಾಯಿತಿ ತೆಗೆದು, ಬಾಡಿಗೆಗೆ ಕೊಡುವ ನೆರವಾದ ಹೌಸಿಂಗ್ ಬೆನಿಫಿಟ್ಟನ್ನೂ ಕಡಿಮೆ ಮಾಡಿದ್ದಾರೆ, ಕೌನ್ಸಿಲ್ ಮೇಲಿನ ದೂರು ನೋಡುವ ಒಂಬಡ್ಸ್‌ಮನ್‌ಗೆ ನೇರವಾಗಿ ಬರೆಯಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಒಂಬಡ್ಸ್‌ಮನ್ ಮುಖ್ಯವಾಗಿ ನೋಡುವುದು ಕೌನ್ಸಿಲ್ ತಡ ಮಾಡಿದ್ದು, ಉತ್ತರ ಕೊಡದಿದ್ದದ್ದು, ಇಂಥ ತಪ್ಪುಗಳನ್ನು. ತೀರ್ಮಾನವೇ ತಪ್ಪು ಅಂದರೆ ಇಂಗ್ಲೆಂಡಿನಲ್ಲಿ ದಾರಿ ಬೇರೆ, ಅದೂ ಎರಡಕ್ಕೂ ಬೇರೆ ಬೇರೆ.

ಮೊದಲು ಹೌಸಿಂಗ್ ಬೆನಿಫಿಟ್ ಹಿಡಿಯಿರಿ, ಅದಕ್ಕೆ ಗಡುವು ಕಮ್ಮಿ. ಪತ್ರದ ತಾರೀಖಿನಿಂದ 1 ತಿಂಗಳೊಳಗೆ ಮರುಪರಿಶೀಲನೆ ಕೇಳಿ, ಇಲ್ಲವೇ ಅಪೀಲು ಹಾಕಿ. ಅಪೀಲನ್ನೂ ಕೌನ್ಸಿಲ್‌ಗೇ ಕೊಡಬೇಕು, ಅವರು ಅದನ್ನು ಟ್ರಿಬ್ಯೂನಲ್‌ಗೆ (ಸ್ವತಂತ್ರ ನ್ಯಾಯಮಂಡಳಿಗೆ) ಕಳಿಸುತ್ತಾರೆ.

ಟ್ಯಾಕ್ಸಿನ ತಕರಾರನ್ನು ಕೌನ್ಸಿಲ್‌ಗೆ ಬರೆದೇ ತಿಳಿಸಿ. ಫುಲ್‌ಟೈಮ್ ವಿದ್ಯಾರ್ಥಿಯನ್ನು ಅವರು ದೊಡ್ಡವರ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಮನೆಯಲ್ಲಿ ಬೇರೆ ದೊಡ್ಡವರು ಇಲ್ಲ ಅಂದರೆ ಆ ರಿಯಾಯಿತಿ ನಿಮಗೆ ಸಿಗಲೇಬೇಕು, ಅಲ್ವಾ? ಯೂನಿವರ್ಸಿಟಿಯಿಂದ ಸರ್ಟಿಫಿಕೇಟ್ ತಂದು ಜೊತೆಗಿಡಿ. ಅವರು ಒಪ್ಪದಿದ್ದರೆ, ಅಥವಾ 2 ತಿಂಗಳಾದರೂ ಉತ್ತರ ಬರದಿದ್ದರೆ, ಕೌನ್ಸಿಲ್ ಟ್ಯಾಕ್ಸಿನ ತಕರಾರು ನೋಡುವ ವ್ಯಾಲ್ಯುಯೇಶನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಫೀಸು ಇಲ್ಲ. ಇಷ್ಟರಲ್ಲಿ ಬಿಲ್ ಕಟ್ಟುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ, ಸುಮ್ನೆ ಕೋರ್ಟ್ ಸಮನ್ಸ್ ಬಂದು ತಲೆನೋವು ಜಾಸ್ತಿ ಆಗುತ್ತದೆ. ನಾನು 3 ಸಲ ಫೋನ್ ಮಾಡಿದ್ದಕ್ಕೆ ನಮ್ಮ ಕೌನ್ಸಿಲ್‌ನಲ್ಲಿ ದಾಖಲೆಯೇ ಇರಲಿಲ್ಲ, ಹಾಗಾಗಿ ಎಲ್ಲವನ್ನೂ ಇಮೇಲ್‌ನಲ್ಲೇ ಮಾಡಿ.